ಕೋಣೆಯೊಳಗೊಂದು ಜೌಗುನೆಲ

ಕುಂಡದಲ್ಲಿ ಗಿಡ ಸಾಕುವವರು ಒಬ್ಬರಿಗೊಬ್ಬರು ಹೇಳಿಕೊಡುವ ಮಾತುಗಳಿವೆ. ಮಣ್ಣಿಗೆ ಎರೆಗೊಬ್ಬರ ಬೆರೆಸಿ, ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ, ಆಗಾಗ ಒಂದಿಷ್ಟು ಬೇವಿನ ಹಿಂಡಿ ಹಾಕಿ. ಮಲ್ಲಿಗೆಗೂ ಗುಲಾಬಿಗೂ ಕರಿಬೇವಿಗೂ ಒಪ್ಪುವ ಈ ಮಾತುಗಳನ್ನು ಇವತ್ತು ನಾನು ಹೇಳಲಿರುವ ಗಿಡದ ಮೇಲೆ ಪ್ರಯೋಗಿಸಿದರೆ ಅದು ಸಾಯುತ್ತದೆ. ನಾವು ಅಕ್ಕರೆಯಿಂದ ಕೊಡುವುದೆಲ್ಲ ಅದಕ್ಕೆ ಬೇಡ. ಏನು ಬೇಕು ಎಂದು ತಿಳಿಯಬೇಕಾದರೆ ಅದು ಹುಟ್ಟಿದ ನೆಲವನ್ನು ನೋಡಬೇಕು.

ಗಿಡದ ಹೆಸರು ಸ್ಯಾರಸೀನಿಯ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಕೀಟಾಹಾರಿ ಸಸ್ಯಗಳ ಪಾಠ ಓದಿದವರಿಗೆ ಹೂಜಿ ಗಿಡದ ಚಿತ್ರ ನೆನಪಿರುತ್ತದೆ. ಆ ಚಿತ್ರದಲ್ಲಿರುವುದು ಬಹುಮಟ್ಟಿಗೆ ನೆಪೆಂಥಿಸ್ ಎಂಬ ಏಷ್ಯಾದ ಬಳ್ಳಿ. ಎಲೆಯ ತುದಿಯಿಂದ ಎಳೆಯೊಂದು ಇಳಿದು, ಅದರ ಕೊನೆಯಲ್ಲಿ ಹೂಜಿ ತೂಗುತ್ತದೆ. ಸ್ಯಾರಸೀನಿಯದ ರೀತಿ ಬೇರೆ. ಇದು ಬಳ್ಳಿಯಲ್ಲ. ನೆಲದೊಳಗೆ ಅಡ್ಡಲಾಗಿ ಮಲಗಿದ ಗೆಡ್ಡೆಯಿಂದ ಎಲೆಗಳು ನೇರವಾಗಿ ಮೇಲೇಳುತ್ತವೆ, ಪ್ರತಿಯೊಂದು ಎಲೆಯೂ ಬಾಯಿ ತೆರೆದ ಉದ್ದನೆಯ ಕೊಳವೆ, ಮೇಲೆ ಅರ್ಧ ಬಾಗಿದ ಮುಚ್ಚಳ. ಹಳದಿ ಬಣ್ಣದ ಫ್ಲಾವ ಎಂಬ ಜಾತಿಯ ಕೊಳವೆ ನೆಲದಿಂದ ಸುಮಾರು ಒಂದು ಮೀಟರ್ ಎತ್ತರಕ್ಕೂ ಹೋಗುತ್ತದೆ. ಲ್ಯೂಕೊಫಿಲ ಎಂಬ ಜಾತಿಯಲ್ಲಿ ಕೊಳವೆಯ ಮೇಲ್ಭಾಗವೆಲ್ಲ ಬಿಳಿ, ಅದರ ಮೇಲೆ ಕೆಂಪು ಹಸಿರು ನರಗಳ ಜಾಲ. ನಾನು ಕಂಡ ಎಲೆಗಳಲ್ಲಿ ಅದರಷ್ಟು ಚೆಲುವಾದದ್ದು ಇನ್ನೊಂದಿಲ್ಲ.

ಇವುಗಳ ತವರು ಉತ್ತರ ಅಮೆರಿಕದ ಪೂರ್ವ ಭಾಗ. ಹೆಚ್ಚಿನ ಜಾತಿಗಳು ನಾರ್ತ್ ಕ್ಯಾರೊಲೈನಾದಿಂದ ತೆಂಕಣಕ್ಕೆ ಜಾರ್ಜಿಯಾ, ಫ್ಲಾರಿಡಾ, ಅಲ್ಲಿಂದ ಪಡುವಣಕ್ಕೆ ಅಲಬಾಮಾ, ಮಿಸಿಸಿಪ್ಪಿ, ಲೂಸಿಯಾನಾ ದಾಟಿ ಟೆಕ್ಸಸ್ಸಿನ ಅಂಚಿನವರೆಗೆ ಇವೆ. ಪರ್ಪ್ಯೂರಿಯ ಎಂಬ ಕುಳ್ಳ ಜಾತಿ ಮಾತ್ರ ಬಡಗಣಕ್ಕೆ ಕೆನಡಾದವರೆಗೂ ಹಬ್ಬಿ, ಹಿಮದಡಿಯಲ್ಲಿ ಚಳಿಗಾಲ ಕಳೆಯುತ್ತದೆ. ಕೆನಡಾದ ನ್ಯೂಫೌಂಡ್‌ಲೆಂಡ್ ಮತ್ತು ಲ್ಯಾಬ್ರಡಾರ್ ಪ್ರಾಂತ್ಯಕ್ಕೆ ಅದೇ ಲಾಂಛನದ ಹೂವು. ಆ ದೇಶದ ಕ್ವಿಬೆಕ್‌ನಲ್ಲಿ ವೈದ್ಯನಾಗಿದ್ದ ಮಿಶೆಲ್ ಸಾರಜ಼ಾಂ ಈ ಗಿಡವನ್ನು ಪ್ಯಾರಿಸ್ಸಿಗೆ ಕಳಿಸಿದ್ದರಿಂದ ಕುಲಕ್ಕೆ ಅವನ ಹೆಸರು ನಿಂತಿತು.

ದಕ್ಷಿಣದ ಆ ಕರಾವಳಿ ಬಯಲನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ಉದ್ದ ಸೂಜಿಯೆಲೆಯ ಪೈನ್ ಮರಗಳು ದೂರ ದೂರ ನಿಂತಿವೆ. ನಡುವೆಲ್ಲ ಹುಲ್ಲು. ನೆಲ ಮರಳು, ಅದರ ಮೇಲೆ ಅರೆಕೊಳೆತ ಪಾಚಿಯ ಪದರ, ಹುಳಿಯ ಗುಣ. ನೀರು ಬೇರಿನ ಮಟ್ಟದಲ್ಲೇ ವರ್ಷವಿಡೀ ನಿಂತಿರುತ್ತದೆ, ಆದರೆ ಅದು ಮಳೆಯ ನೀರು. ಉಪ್ಪು, ಸುಣ್ಣ ಏನೂ ಇಲ್ಲ. ಇದ್ದಬದ್ದ ಸಾರಜನಕ, ರಂಜಕ ತೊಳೆದುಹೋಗಿವೆ. ಬೇಸಿಗೆಯಲ್ಲಿ ಸಿಡಿಲು ಬಿದ್ದು ಹುಲ್ಲಿಗೆ ಬೆಂಕಿ ಹತ್ತುತ್ತದೆ, ಪೊದೆಗಳು ಉರಿದುಹೋಗುತ್ತವೆ, ನೆಲದೊಳಗಿನ ಗೆಡ್ಡೆ ಬದುಕಿರುತ್ತದೆ. ಮತ್ತೆ ಚಿಗುರಿದಾಗ ಗಿಡದ ಮೇಲೆ ನೆರಳೇ ಇಲ್ಲ. ಹೇರಳ ಬೆಳಕು, ಹೇರಳ ನೀರು, ಆದರೆ ತಿನ್ನಲು ಏನೂ ಇಲ್ಲದ ಮಣ್ಣು. ಸ್ಯಾರಸೀನಿಯವನ್ನು ಮಾಡಿದ್ದು ಈ ಮೂರೂ ಸೇರಿ.

ಇದನ್ನು ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದ್ದಾರೆ. ಎಲೆಯನ್ನು ಕೊಳವೆಯಾಗಿ ಸುತ್ತಿದರೆ ಬಿಸಿಲನ್ನು ಹಿಡಿಯುವ ಶಕ್ತಿ ಕುಗ್ಗುತ್ತದೆ. ಚಪ್ಪಟೆ ಎಲೆಯಷ್ಟು ಆಹಾರ ಅದು ತಯಾರಿಸಲಾರದು. ಆ ನಷ್ಟವನ್ನು ಕೀಟದಿಂದ ಬರುವ ಸಾರಜನಕ ತುಂಬಿಕೊಡಬೇಕು. ಬೆಳಕಿಗೂ ನೀರಿಗೂ ಕೊರತೆಯಿಲ್ಲದೆ, ಮಣ್ಣಿನ ಸಾರವೊಂದೇ ಇಲ್ಲದ ಕಡೆ ಮಾತ್ರ ಈ ವ್ಯಾಪಾರ ಲಾಭದ್ದು ಎಂದು ಥಾಮಸ್ ಗಿವ್ನಿಶ್ ಮತ್ತು ಸಂಗಡಿಗರು 1984ರಲ್ಲಿ ವಾದಿಸಿದರು. 2002ರಲ್ಲಿ ಆರನ್ ಎಲಿಸನ್ ಮತ್ತು ನಿಕೊಲಸ್ ಗೊಟೆಲ್ಲಿ ಇನ್ನೂ ಸ್ಪಷ್ಟವಾದ ಸಂಗತಿಯೊಂದನ್ನು ಪ್ರಕಟಿಸಿದರು. ಪರ್ಪ್ಯೂರಿಯ ಗಿಡಗಳಿಗೆ ಸಾರಜನಕ ಹೆಚ್ಚಾಗಿ ಕೊಟ್ಟಾಗ ಅವು ಹೂಜಿಯ ಬಾಯನ್ನು ಕಿರಿದು ಮಾಡಿ, ಎಲೆಯ ಚಪ್ಪಟೆ ಭಾಗವನ್ನು ಅಗಲ ಮಾಡತೊಡಗಿದವು. ಹೊಟ್ಟೆ ತುಂಬಿದ ಗಿಡ ಬೇಟೆಯ ಎಲೆಯನ್ನು ಬಿಟ್ಟು ಸಾಮಾನ್ಯ ಎಲೆಯತ್ತ ಹೊರಳುತ್ತದೆ. ಗೊಬ್ಬರ ಹಾಕಬೇಡಿ ಎಂದು ನಾನು ಹೇಳುವಾಗ ಈ ಮಾತು ನೆನಪಿರಲಿ. ಹೂಜಿ ನೋಡಲೆಂದು ಬೆಳೆಸಿ, ಗೊಬ್ಬರ ಕೊಟ್ಟು ಹೂಜಿಯನ್ನೇ ಕಳೆದುಕೊಳ್ಳುವುದು ಯಾರಿಗೆ ಬೇಕು?

ಹೂಜಿ ಕೆಲಸ ಮಾಡುವ ಬಗೆ ಹೀಗೆ. ಬಾಯಿಯ ಅಂಚಿನಲ್ಲೂ ಮುಚ್ಚಳದ ಅಡಿಯಲ್ಲೂ ಮಕರಂದ ಒಸರುತ್ತದೆ. ನೊಣವೋ ಇರುವೆಯೋ ಅದನ್ನು ನೆಕ್ಕುತ್ತ ಒಳಗೆ ಬಾಗುತ್ತದೆ. ಅಲ್ಲಿ ಗೋಡೆ ನುಣುಪು, ಕಾಲು ಊರಲು ಹಿಡಿತವಿಲ್ಲ. ಜಾರಿ ಬಿದ್ದರೆ ಅದಕ್ಕಿಂತ ಕೆಳಗೆ ಕೂದಲುಗಳು, ಎಲ್ಲವೂ ಕೆಳಮುಖ. ಇಳಿಯುವುದಕ್ಕೆ ದಾರಿ, ಹತ್ತುವುದಕ್ಕೆ ತಡೆ. ತಳದಲ್ಲಿ ಜೀರ್ಣರಸ, ಬ್ಯಾಕ್ಟೀರಿಯಾ. ಲ್ಯೂಕೊಫಿಲದ ಬಿಳಿ ಭಾಗ, ಮೈನರ್ ಎಂಬ ಜಾತಿಯ ಬೆನ್ನಿನ ಬಿಳಿ ಚುಕ್ಕೆ, ಇವು ಬೆಳಕು ಒಳಗೆ ಬರುವ ಕಿಟಕಿಗಳು. ಮೈನರ್‌ನಲ್ಲಿ ಸಿಕ್ಕಿಬಿದ್ದ ನೊಣ ಹೊರದಾರಿ ಅಲ್ಲೇ ಇದೆಯೆಂದು ಬಗೆದು ಮತ್ತೆ ಮತ್ತೆ ಆ ಗೋಡೆಗೇ ಬಡಿದುಕೊಳ್ಳುತ್ತದೆ ಎಂದು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಪರ್ಪ್ಯೂರಿಯದ ಹೂಜಿಗೆ ಮುಚ್ಚಳ ನೆಟ್ಟಗೆ ನಿಂತಿರುವುದರಿಂದ ಮಳೆನೀರು ತುಂಬಿಕೊಳ್ಳುತ್ತದೆ. ಆ ನೀರಿನಲ್ಲಿ ವಯೋಮಿಯ ಸ್ಮಿಥಿ ಎಂಬ ಒಂದು ಸೊಳ್ಳೆಯ ಮರಿಗಳು ಸುಖವಾಗಿ ಬೆಳೆಯುತ್ತವೆ. ಅವಕ್ಕೆ ಬೇರೆ ಮನೆ ಇಲ್ಲ.

ಇದೆಲ್ಲ ಒಂದೇ ದಿನದಲ್ಲಿ ತಿಳಿದದ್ದಲ್ಲ. ಬಾಯಾರಿದ ಹಕ್ಕಿಗಳಿಗೆ ನೀರು ಕೊಡಲು ಈ ಗಿಡ ಹೂಜಿ ಹಿಡಿದು ನಿಂತಿದೆ ಎಂದು ಸಸ್ಯವಿಜ್ಞಾನಿ ಲಿನೇಯಸ್ ಬಗೆದಿದ್ದ. ಸೌತ್ ಕ್ಯಾರೊಲೈನಾದ ಬ್ಲಫ್‌ಟನ್ ಎಂಬ ಊರಿನಲ್ಲಿ ವೈದ್ಯನಾಗಿದ್ದ ಜೋಸೆಫ್ ಮೆಲಿಚಾಂಪ್ 1870ರ ದಶಕದಲ್ಲಿ ತನ್ನ ಸುತ್ತಲಿನ ಜೌಗಿನಲ್ಲೇ ಹೂಜಿಗಳನ್ನು ಗಮನಿಸಿ, ಕೀಟ ಹೇಗೆ ಒಳಗಿಳಿಯುತ್ತದೆ, ಒಳಗಿನ ರಸ ಏನು ಮಾಡುತ್ತದೆ ಎಂದು ಬರೆದ. ಅದೇ ಹೊತ್ತಿಗೆ 1874ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ಹೂಜಿ ಗಿಡಗಳ ಜೀರ್ಣಶಕ್ತಿಯ ಬಗ್ಗೆ ಭಾಷಣ ಮಾಡಿದ, ಮರುವರ್ಷ ಡಾರ್ವಿನ್‌ನ ಕೀಟಾಹಾರಿ ಸಸ್ಯಗಳ ಪುಸ್ತಕ ಬಂತು. ಪ್ರಯೋಗಾಲಯವಿಲ್ಲದ ಊರಿನ ವೈದ್ಯನೊಬ್ಬ, ಮನೆಯ ಹತ್ತಿರದ ಗಿಡವನ್ನು ದಿನವೂ ನೋಡಿ ಕಂಡುಕೊಂಡದ್ದು ನನಗೆ ಹೆಚ್ಚು ಪ್ರಿಯ. ಬೀಜದಿಂದ ಗಿಡ ಬೆಳೆಸುವವರಿಗೂ ಆ ಅವಕಾಶವೇ ಸಿಗುವುದು.

ಇನ್ನು ಬೀಜಕ್ಕೆ ಬರೋಣ. ವಸಂತದಲ್ಲಿ ಹೊಸ ಹೂಜಿಗಳು ಬಾಯಿ ತೆರೆಯುವ ಮೊದಲೇ ಹಲವು ಜಾತಿಗಳು ಹೂವು ಬಿಡುತ್ತವೆ. ಪರಾಗ ಹೊರುವ ದುಂಬಿಯನ್ನೇ ತಿಂದುಬಿಟ್ಟರೆ ಗಿಡಕ್ಕೆ ಉಳಿಗಾಲವಿಲ್ಲ ತಾನೆ? ಹೂವು ತಲೆಕೆಳಗಾಗಿ ತೂಗುತ್ತದೆ, ಅದರೊಳಗೆ ಮಗುಚಿದ ಕೊಡೆಯ ಆಕಾರದ ಅಂಗವೊಂದು ಉದುರಿದ ಪರಾಗವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಾಯಿ ಬಲಿತು ಒಡೆಯುವುದು ಶರತ್ಕಾಲಕ್ಕೆ. ಒಂದೊಂದು ಕಾಯಲ್ಲಿ ನೂರಾರು ಬೀಜ, ಎಳ್ಳಿಗಿಂತ ಚಿಕ್ಕವು, ಮೈಗೆ ಮೇಣದ ಲೇಪ. ನೀರಿಗೆ ಹಾಕಿದರೆ ತೇಲುತ್ತವೆ. ಜೌಗಿನ ಬೀಜ ತೇಲಿ ಹೋಗಬೇಕಾದದ್ದೇ.

ಶರತ್ಕಾಲದಲ್ಲಿ ಉದುರಿದ ಬೀಜ ಆಗಲೇ ಮೊಳೆತರೆ ಎಳೆಸಸಿ ಚಳಿಗೆ ಸಿಕ್ಕಿ ಸಾಯುತ್ತದೆ. ಅದಕ್ಕೆಂದೇ ಬೀಜದೊಳಗೆ ಒಂದು ಬೀಗವಿದೆ. ಒದ್ದೆಯಾಗಿದ್ದು ಹಲವು ವಾರ ಚಳಿ ಉಂಡ ಮೇಲೆಯೇ ಅದು ತೆರೆಯುತ್ತದೆ. ಒಣ ಬೀಜವನ್ನು ಎಷ್ಟು ದಿನ ತಣ್ಣಗಿಟ್ಟರೂ ಪ್ರಯೋಜನವಿಲ್ಲ. ಚಳಿಯೂ ತೇವವೂ ಒಟ್ಟಿಗೆ ಬೇಕು. ಬೆಂಗಳೂರಿನಲ್ಲಿ ಕುಳಿತವರಿಗೆ ಕ್ಯಾರೊಲೈನಾದ ಚಳಿಗಾಲವನ್ನು ಕೊಡುವುದು ಅಡುಗೆಮನೆಯ ಫ್ರಿಜ್. ಸ್ವಲ್ಪ ಪೀಟ್ ಮಾಸನ್ನು, ಅಂದರೆ ಅರೆಕೊಳೆತ ಜೌಗುಪಾಚಿಯನ್ನು, ಮಳೆನೀರಲ್ಲಿ ನೆನೆಸಿ ಬಿಗಿಯಾಗಿ ಹಿಂಡಿ, ಬೀಜಗಳನ್ನು ಅದರಲ್ಲಿ ಬೆರೆಸಿ, ಜಿಪ್ ಇರುವ ಸಣ್ಣ ಪ್ಲಾಸ್ಟಿಕ್ ಕವರಿಗೆ ಹಾಕಿ, ಮೇಲೆ ಜಾತಿಯ ಹೆಸರೂ ತಾರೀಖೂ ಬರೆದು ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಿ. ಫ್ರೀಜರ್‌ನಲ್ಲಿ ಬೇಡ. 2ರಿಂದ 5 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ. ದಕ್ಷಿಣದ ಜಾತಿಗಳಿಗೆ ನಾಲ್ಕು ವಾರ ಸಾಕು. ಉತ್ತರದ ಪರ್ಪ್ಯೂರಿಯಕ್ಕೆ, ಬೆಟ್ಟದ ಒರಿಯೊಫಿಲ ಎಂಬ ಜಾತಿಗೆ ಆರರಿಂದ ಎಂಟು ವಾರ ಕೊಡುವುದು ಒಳ್ಳೆಯದು. ತವರಿನ ಚಳಿ ಎಷ್ಟು ಉದ್ದವೋ ಬೀಜ ಕಾಯುವುದೂ ಅಷ್ಟು ಉದ್ದ.

ಮಣ್ಣಿನ ವಿಷಯದಲ್ಲಿ ಹಟ ಹಿಡಿಯಬೇಕು. ತೋಟದ ಮಣ್ಣು ಕೂಡದು, ಕಾಂಪೋಸ್ಟ್ ಕೂಡದು. ಪೀಟ್ ಮಾಸ್ ಎರಡು ಪಾಲು, ಪರ್ಲೈಟ್ ಒಂದು ಪಾಲು, ಅಷ್ಟೇ. ಪೀಟ್ ಪೊಟ್ಟಣದ ಮೇಲೆ ಪೋಷಕಾಂಶ ಸೇರಿಸಲಾಗಿದೆ ಎಂದು ಬರೆದಿದ್ದರೆ ಅದನ್ನು ಕೊಳ್ಳಬೇಡಿ. ನಮ್ಮ ನರ್ಸರಿಗಳಲ್ಲೆಲ್ಲ ಸಿಗುವ ಕೋಕೋಪೀಟ್ ಅಗ್ಗ, ತೆಂಗಿನ ನಾಡಿನವರಾದ ನಮಗೆ ಅದರ ಮೇಲೆ ಪ್ರೀತಿಯೂ ಇದೆ. ಆದರೆ ತೆಂಗಿನ ನಾರಿನಲ್ಲಿ ಸೋಡಿಯಂ, ಪೊಟಾಸಿಯಂ ಲವಣಗಳು ಇರುತ್ತವೆ. ಅನೇಕ ಸಲ ಶುದ್ಧ ನೀರಿನಲ್ಲಿ ನೆನೆಸಿ ತೊಳೆಯದೆ ಬಳಸಿದರೆ ಸಸಿಗಳ ಬೇರುಗಳು ಸುಟ್ಟುಹೋಗುತ್ತವೆ. ಎಳೆಸಸಿಗೆ ಆ ಅಪಾಯ ತಂದುಕೊಳ್ಳದಿರುವುದೇ ಲೇಸು.

ನೀರಿನ ಮಾತು ಇನ್ನೂ ಮುಖ್ಯ. ಬೆಳೆಸುವವರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗೆರೆ, ನೀರಿನಲ್ಲಿ ಕರಗಿದ ಲವಣ ಲೀಟರಿಗೆ 50 ಮಿಲಿಗ್ರಾಂ ದಾಟಬಾರದು ಎಂಬುದು. ಮನುಷ್ಯರು ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಒಪ್ಪುವ ಮಿತಿ 500 ಮಿಲಿಗ್ರಾಂ. ನಮಗೆ ಒಳ್ಳೆಯದಾದ ನೀರು ಅದಕ್ಕೆ ಹತ್ತು ಪಾಲು ಹೆಚ್ಚು ಉಪ್ಪಿನದು ಇರಬಹುದು ಎಂದಾಯಿತು. ಬೋರ್‌ವೆಲ್ ನೀರಂತೂ ದೂರವೇ ಇರಲಿ. ಮಳೆನೀರು ಎಲ್ಲಕ್ಕಿಂತ ಮೇಲು: ಮೊದಲ ಮಳೆಯಲ್ಲಿ ತಾರಸಿ ತೊಳೆದುಹೋಗಲಿ, ಆಮೇಲಿನದನ್ನು ಮುಚ್ಚಿದ ಡ್ರಮ್ಮಿನಲ್ಲಿ ಹಿಡಿದಿಡಿ. ಮಳೆಗಾಲ ಮುಗಿದ ಮೇಲೆ ಡಿಸ್ಟಿಲ್ಡ್ ವಾಟರ್ ಅಥವಾ ಆರ್‌ಒ ನೀರು. ಆರ್‌ಒ ಯಂತ್ರಗಳು ಹಲವು ರುಚಿಗೆಂದು ಲವಣವನ್ನು ಮತ್ತೆ ಬೆರೆಸುತ್ತವೆ, ಆದ್ದರಿಂದ ಕರಗಿದ ಲವಣ ತೋರಿಸುವ ಟಿಡಿಎಸ್ ಮೀಟರ್ ಒಂದನ್ನು ಕೊಂಡು ಅಳೆಯಿರಿ. ಇಡೀ ಹವ್ಯಾಸದಲ್ಲಿ ಅತ್ಯಗತ್ಯವಾಗಿ ಕೊಳ್ಳಬೇಕಾದ ಸಾಧನ ಅದೊಂದೇ ಎಂದು ನನ್ನ ಅಭಿಪ್ರಾಯ.

ನೀರನ್ನು ಮೇಲಿಂದ ಹೊಯ್ಯುವುದಿಲ್ಲ. ಕುಂಡವನ್ನು ತಟ್ಟೆಯಲ್ಲಿಟ್ಟು ತಟ್ಟೆಯಲ್ಲಿ ಒಂದೆರಡು ಸೆಂಟಿಮೀಟರ್ ನೀರು ಸದಾ ನಿಲ್ಲಿಸುವುದು. ಜೌಗಿನ ನೀರಿನ ಮಟ್ಟ ಹಾಗೆಯೇ ಇರುತ್ತದೆ. ತಟ್ಟೆಯಲ್ಲಿ ಸೊಳ್ಳೆ ಮರಿಯಾಗದಂತೆ ವಾರಕ್ಕೊಮ್ಮೆ ನೀರು ಚೆಲ್ಲಿ ಬದಲಿಸಿ. ಡೆಂಗಿಯ ಕಾಲದಲ್ಲಿ ಇದನ್ನು ಮರೆಯುವಂತಿಲ್ಲ.

ಫ್ರಿಜ್ಜಿನ ವಾರಗಳು ಮುಗಿದ ಮೇಲೆ ಕವರಿನಲ್ಲಿರುವುದನ್ನು ತೇವವಾದ ಮಿಶ್ರಣದ ಮೇಲೆ ತೆಳುವಾಗಿ ಹರಡಿ. ಬೀಜದ ಮೇಲೆ ಮಣ್ಣು ಮುಚ್ಚಬೇಡಿ, ಬೆಳಕು ಬೀಳಲಿ. ಕುಂಡದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ದೀಪದಡಿ ಇಡಿ.

ದೀಪವೇಕೆ, ಕಿಟಕಿ ಸಾಲದೆ ಎಂದು ಕೇಳಬಹುದು. ನಮ್ಮ ಮನೆಗಳ ಕಿಟಕಿಯ ಬೆಳಕು ನಮ್ಮ ಕಣ್ಣಿಗೆ ಹೇರಳ, ಬೆಂಕಿಯಿಂದ ಬಯಲಾದ ಹುಲ್ಲುಗಾವಲಿನ ಗಿಡಕ್ಕೆ ಮಂದ. ಗಾಜಿನ ಹಿಂದಿನ ನೇರ ಬಿಸಿಲಾದರೋ ಮುಚ್ಚಿದ ಕುಂಡವನ್ನು ಬೇಯಿಸಿಬಿಡುತ್ತದೆ. ದೀಪ ದಿನದಿನಕ್ಕೆ ಬದಲಾಗುವುದಿಲ್ಲ, ಮೋಡ ಕವಿದ ಆಷಾಢದಲ್ಲೂ ಒಂದೇ ಸಮ ಉರಿಯುತ್ತದೆ. ದುಬಾರಿ ಗ್ರೋ ಲೈಟ್ ಬೇಕಿಲ್ಲ. ಇಪ್ಪತ್ತು ವಾಟಿನ ಎರಡು ಎಲ್‌ಇಡಿ ಟ್ಯೂಬ್‌ಲೈಟ್, ಬಿಳಿ ಬೆಳಕಿನವು, ಕುಂಡದಿಂದ 15ರಿಂದ 20 ಸೆಂಟಿಮೀಟರ್ ಮೇಲೆ. ದಿನಕ್ಕೆ 14ರಿಂದ 16 ಗಂಟೆ. ಸ್ವಿಚ್ಚಿಗೆ ಟೈಮರ್ ಹಾಕಿಬಿಟ್ಟರೆ ಊರಿಗೆ ಹೋದಾಗಲೂ ಚಿಂತೆಯಿಲ್ಲ. ಬೆಳಕು ಸಾಕೇ ಎಂಬುದನ್ನು ಸಸಿಯೇ ಹೇಳುತ್ತದೆ: ಹೂಜಿಗಳು ಗಿಡ್ಡವಾಗಿ ನೆಟ್ಟಗಿದ್ದು ಕೆಂಪು ಬಣ್ಣ ತಳೆದರೆ ಸರಿ, ಉದ್ದವಾಗಿ ಎಳೆದುಕೊಂಡು ಬರೀ ಹಸಿರಾಗಿ ಬಾಗಿದರೆ ದೀಪವನ್ನು ಕೆಳಗಿಳಿಸಿ. ನಮ್ಮ ಕೋಣೆಗಳ 22ರಿಂದ 30 ಡಿಗ್ರಿ ಉಷ್ಣತೆ ಸಸಿಗಳಿಗೆ ಹಿತ. ಆ ಮಟ್ಟಿಗೆ ಕರ್ನಾಟಕದವರು ಪುಣ್ಯವಂತರು.

ಎರಡರಿಂದ ನಾಲ್ಕು ವಾರದೊಳಗೆ ಮೊಳಕೆ ಕಾಣಿಸುತ್ತದೆ. ಮೊದಲು ಕೆಂಪು ಛಾಯೆಯ ಕಾಂಡ, ಆಮೇಲೆ ಎರಡು ಕಿರಿದಾದ ಬೀಜದಳ. ಇಲ್ಲಿಯವರೆಗೆ ಅದು ಟೊಮೆಟೊ ಸಸಿಯೂ ಆಗಿರಬಹುದಿತ್ತು. ಆ ಎರಡು ದಳಗಳ ನಡುವಿನಿಂದ ಮೂರನೆಯದು ಬರುತ್ತದೆ ನೋಡಿ, ಅದು ಹೂಜಿ. ಕೆಲವೇ ಮಿಲಿಮೀಟರ್ ಎತ್ತರ, ಆದರೆ ಕೊಳವೆಯಿದೆ, ಬಾಯಿಯಿದೆ, ಮೇಲೆ ಬಾಗಿದ ತುದಿಯಿದೆ. ಮೊದಲು ಸಾಮಾನ್ಯ ಎಲೆ ಬಿಟ್ಟು, ಬಲಿತ ಮೇಲೆ ಬೇಟೆ ಕಲಿಯುವ ಗಿಡ ಇದಲ್ಲ. ಹುಟ್ಟಿದ ನೆಲದಲ್ಲಿ ಏನೂ ಸಿಗುವುದಿಲ್ಲ ಎಂಬ ಅರಿವು ಬೀಜದೊಳಗೇ ಬಂದಿರುತ್ತದೆ. ನರ್ಸರಿಯಿಂದ ದೊಡ್ಡ ಗಿಡ ತಂದವರಿಗೆ ಇದು ಎಂದೂ ಕಾಣುವುದಿಲ್ಲ. ಭೂತಗನ್ನಡಿ ಹಿಡಿದು ಈ ಮೊದಲ ಹೂಜಿಯನ್ನು ನೋಡುವ ಸಲುವಾಗಿಯೇ ಬೀಜ ಬಿತ್ತಬೇಕು ಎಂದು ನಾನು ಹೇಳುತ್ತೇನೆ, ಅದರಲ್ಲೂ ಮನೆಯಲ್ಲಿ ಮಕ್ಕಳಿದ್ದರೆ.

ಚಪ್ಪಟೆಯಾಗಬೇಕಾದ ಎಲೆ ಕೊಳವೆಯಾಗುವುದು ಹೇಗೆ? ಅಂಚುಗಳು ಬೆಸೆದುಕೊಂಡು ಕೊಳವೆಯಾಗಿರಬೇಕು ಎಂದು ಬಹಳ ಕಾಲ ಊಹಿಸಿದ್ದರು. ಜಪಾನಿನ ವಿಜ್ಞಾನಿಗಳು 2015ರಲ್ಲಿ ಪರ್ಪ್ಯೂರಿಯದ ಎಳೆಯ ಎಲೆಗಳನ್ನು ಸೂಕ್ಷ್ಮದರ್ಶಕದಲ್ಲಿ ಹಂತ ಹಂತವಾಗಿ ನೋಡಿ ಬೇರೆಯೇ ಉತ್ತರ ಕೊಟ್ಟರು. ಎಲೆಯ ಒಳಮೈಯ ಬುಡದ ಕಡೆಯಲ್ಲಿ ಕೋಶಗಳು ಒಡೆಯುವ ದಿಕ್ಕು ಬದಲಾಗುತ್ತದೆ. ಅಲ್ಲೊಂದು ದಿಂಡು ಏಳುತ್ತದೆ, ಅಂಚುಗಳು ತಮ್ಮ ಪಾಡಿಗೆ ಬೆಳೆಯುತ್ತವೆ, ನಡುವೆ ಹಳ್ಳವಾಗುತ್ತದೆ. ಇಷ್ಟು ಚಿಕ್ಕ ಬದಲಾವಣೆ ಇಷ್ಟು ವಿಚಿತ್ರವಾದ ಎಲೆಯನ್ನು ಮಾಡಿತು.

ಮೊಳೆತ ಮೇಲೆ ಪ್ಲಾಸ್ಟಿಕ್ ಹೊದಿಕೆಯನ್ನು ದಿನ ದಿನ ಸ್ವಲ್ಪ ಸರಿಸುತ್ತ, ಒಂದು ವಾರದಲ್ಲಿ ಪೂರ್ತಿ ತೆಗೆದುಬಿಡಿ. ಗಾಳಿಯಾಡದ ಕಡೆ ಬೂಸ್ಟು ಹಿಡಿದು ಎಳೆಸಸಿಗಳು ಬುಡದಲ್ಲೇ ಕೊಳೆತು ಮಗುಚಿಕೊಳ್ಳುತ್ತವೆ. ಬೂಸ್ಟು ಕಂಡ ಸಸಿಯನ್ನು ಅದರ ಸುತ್ತಲಿನ ಮಣ್ಣಿನೊಂದಿಗೆ ಚಮಚದಲ್ಲಿ ಎತ್ತಿ ಬಿಸಾಡಿ. ಮಣ್ಣಿನ ಮೇಲೆ ಹಸಿರು ಪಾಚಿ ಕಟ್ಟಿದರೆ ನೀರಿನಲ್ಲಿ ಲವಣ ಹೆಚ್ಚಿದೆಯೆಂದೋ, ತಟ್ಟೆಯ ನೀರು ತೀರ ಮೇಲಿದೆಯೆಂದೋ ಸಂಶಯಪಡಿ.

ಹೆಚ್ಚಿನವರು ಕೇಳುವ ಪ್ರಶ್ನೆ, ಮನೆಯೊಳಗಿನ ಗಿಡಕ್ಕೆ ನೊಣ ಎಲ್ಲಿಂದ ಬರಬೇಕು ಎಂಬುದು. ಮೊದಲ ತಿಂಗಳುಗಳಲ್ಲಿ ಚಿಂತೆಯೇ ಬೇಡ. ಆಮೇಲೆ ಹೂಜಿಯ ಬಾಯಿ ಕಣ್ಣಿಗೆ ಕಾಣುವಷ್ಟು ದೊಡ್ಡದಾದಾಗ, ಅಕ್ವೇರಿಯಂ ಮೀನಿಗೆ ಹಾಕುವ ಆಹಾರವನ್ನು ಪುಡಿ ಮಾಡಿ, ಒದ್ದೆ ಕಡ್ಡಿಯ ತುದಿಯಲ್ಲಿ ಒಂದು ಕಣ ತೆಗೆದುಕೊಂಡು ಒಂದೆರಡು ಹೂಜಿಗೆ ಇಳಿಸಬಹುದು. ಹಾಗೆ ಉಂಡ ಸಸಿ ಉಣ್ಣದ ಸಸಿಗಿಂತ ಬೇಗ ಬೆಳೆಯುತ್ತದೆ. ಸಾರಜನಕ ಬೇಡವೆಂದವನು ಈಗೇಕೆ ಕೊಡುತ್ತಿದ್ದೇನೆ ಎನ್ನುತ್ತೀರೇನೋ. ಬಾಯಲ್ಲಿ ಕೊಟ್ಟದ್ದು ಊಟ. ಬೇರಿಗೆ ಹಾಕಿದ್ದು ಪೀಟನ್ನು ಕೆಡಿಸಿ ಬೇರನ್ನು ಸುಡುತ್ತದೆ. ಊಟವೂ ಕಣದಷ್ಟೇ ಇರಲಿ, ಹೆಚ್ಚಾದರೆ ಹೂಜಿಯೊಳಗೇ ಕೊಳೆಯುತ್ತದೆ. ಕಿಟಕಿ ತೆರೆದಿಡುವ ಮನೆಯಲ್ಲಿ ಬಲಿತ ಗಿಡ ತನಗೆ ಬೇಕಾದ್ದನ್ನು ತಾನೇ ಹಿಡಿದುಕೊಳ್ಳುತ್ತದೆ.

ಇದು ಅವಸರದವರ ಗಿಡವಲ್ಲ. ಮೊದಲ ವರ್ಷದ ಕೊನೆಗೆ ಬೆರಳುದ್ದ ಆದರೆ ಸಂತೋಷಪಡಬೇಕು. ಜಾತಿಯ ನಿಜವಾದ ಬಣ್ಣ, ಆಕಾರ ಮೂರು ನಾಲ್ಕು ವರ್ಷಕ್ಕೆ ಕಾಣಿಸುತ್ತದೆ, ಹೂವಿಗೆ ಐದು ವರ್ಷವಾದರೂ ಬೇಕಾಗಬಹುದು. ಅಷ್ಟರೊಳಗೆ ದೊಡ್ಡದೊಂದು ತೊಡಕೂ ಬರುತ್ತದೆ. ಮೊದಲ ಒಂದೆರಡು ವರ್ಷ ಸಸಿಗಳನ್ನು ದೀಪದಡಿ ಚಳಿಗಾಲವಿಲ್ಲದೆ ಬೆಳೆಸಬಹುದು, ಬೇಗ ಬೆಳೆಯಲಿ ಎಂದು ಬೆಳೆಸುವವರು ಹಾಗೇ ಮಾಡುತ್ತಾರೆ. ಆಮೇಲೆ ಗಿಡ ನಿದ್ದೆ ಕೇಳುತ್ತದೆ. ಮೂರು ತಿಂಗಳಾದರೂ ಕಡಿಮೆ ಹಗಲು, 10 ಡಿಗ್ರಿಗಿಂತ ಕೆಳಗಿನ ಚಳಿ. ಬೆಂಗಳೂರಿನ ಜನವರಿಯ ರಾತ್ರಿ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನದು, ಮಂಗಳೂರಿನಲ್ಲಿ ಅದೂ ಇಲ್ಲ. ನಿದ್ದೆಗೆಟ್ಟ ಗಿಡ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಆದ್ದರಿಂದ ನವೆಂಬರಿನಲ್ಲಿ ದೀಪದ ಹೊತ್ತನ್ನು ಮೆಲ್ಲಗೆ ಎಂಟು ಒಂಬತ್ತು ಗಂಟೆಗೆ ಇಳಿಸಿ. ಡಿಸೆಂಬರಿನಲ್ಲಿ ಗೆಡ್ಡೆಯನ್ನು ಕಿತ್ತು, ತೊಳೆದು, ಹಳೆಯ ಎಲೆ ಕತ್ತರಿಸಿ, ತೇವದ ಪಾಚಿಯಲ್ಲಿ ಸುತ್ತಿ ಕವರಿನಲ್ಲಿಟ್ಟು ಮತ್ತೆ ಫ್ರಿಜ್ಜಿಗೆ ಸೇರಿಸಿ. ಮಾರ್ಚ್ ಹೊತ್ತಿಗೆ ತೆಗೆದು ನೆಟ್ಟರೆ ಚಿಗುರುತ್ತದೆ. ಫ್ರಿಜ್ಜಿನ ಒಂದು ಮೂಲೆಯನ್ನು ಪ್ರತಿ ವರ್ಷ ಹೀಗೆ ಬಿಟ್ಟುಕೊಡಲು ಮನೆಯವರು ಒಪ್ಪುತ್ತಾರೆಯೇ ಎಂದು ಬೀಜ ತರಿಸುವ ಮೊದಲೇ ಕೇಳಿಕೊಳ್ಳಿ.

ಇಷ್ಟು ಕಷ್ಟವಾದರೆ ನಮ್ಮ ದೇಶದ್ದೇ ಹೂಜಿ ಗಿಡ ಬೆಳೆಸಬಾರದೇ? ಭಾರತಕ್ಕೆ ಒಂದೇ ಒಂದು ನೆಪೆಂಥಿಸ್ ಸ್ವಂತದ್ದು, ನೆಪೆಂಥಿಸ್ ಖಾಸಿಯಾನ. ಮೇಘಾಲಯದ ಗಾರೊ, ಖಾಸಿ, ಜಯಂತಿಯಾ ಬೆಟ್ಟಗಳ ಆಚೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಗಾರೊ ಬೆಟ್ಟಗಳ ಬಾಘ್‌ಮಾರಾದಲ್ಲಿ ಇದಕ್ಕೆಂದೇ ಒಂದು ಪುಟ್ಟ ಅಭಯಾರಣ್ಯವಿದೆ. ಬೀಜದಿಂದ ಬೆಳೆಸಲು ಅದಕ್ಕೆ ಚಳಿ ಬೇಕಿಲ್ಲ, ನಮ್ಮ ಹವೆಯೇ ಸಾಕು. ಆದರೆ ಹೆಣ್ಣು ಗಿಡ ಬೇರೆ, ಗಂಡು ಗಿಡ ಬೇರೆ. ದಾರದ ತುಣುಕಿನಂಥ ಬೀಜ ಕೆಲವೇ ತಿಂಗಳಲ್ಲಿ ಜೀವ ಕಳೆದುಕೊಳ್ಳುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಕಾಯ್ದೆಯಿದೆ. 1991ರ ತಿದ್ದುಪಡಿಯಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಆರು ಬಗೆಯ ಸಸ್ಯಗಳ ಪಟ್ಟಿಯೊಂದನ್ನು ಸೇರಿಸಿದರು, ಖಾಸಿಯಾನ ಅದರಲ್ಲಿ ಒಂದು. ಅದನ್ನು ಕೀಳುವುದಿರಲಿ, ಪರವಾನಗಿ ಇಲ್ಲದೆ ಬೆಳೆಸುವುದೂ ಅಪರಾಧ. ಅಂತರರಾಷ್ಟ್ರೀಯ ವ್ಯಾಪಾರದ ಸೈಟ್ಸ್ ಒಪ್ಪಂದದಲ್ಲೂ ಅದು ಅತಿ ಕಟ್ಟುನಿಟ್ಟಿನ ಮೊದಲ ಪಟ್ಟಿಯಲ್ಲಿದೆ. ಅಗ್ಗಕ್ಕೆ ಮೇಘಾಲಯದ ಗಿಡ ಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಅದು ಬೆಟ್ಟದಿಂದ ಕಿತ್ತದ್ದಿರಬಹುದು, ದಯವಿಟ್ಟು ಕೊಳ್ಳಬೇಡಿ. ನರ್ಸರಿಗಳಲ್ಲಿ ತೂಗುಕುಂಡದಲ್ಲಿ ಮಾರುವ ಕೆಂಪು ಹೂಜಿಯ ನೆಪೆಂಥಿಸ್ ಸಾಮಾನ್ಯವಾಗಿ ವೆಂಟ್ರಾಟ ಎಂಬ ಮಿಶ್ರತಳಿ, ಅದನ್ನು ತುಂಡುಗಳಿಂದಲೋ ಅಂಗಾಂಶ ಕೃಷಿಯಿಂದಲೋ ಮಾಡಿರುತ್ತಾರೆ. ಆತಂಕವಿಲ್ಲದೆ ತರಬಹುದು.

ಕಿತ್ತು ಮಾರುವ ಕಥೆ ಅಮೆರಿಕದಲ್ಲೂ ನಡೆದಿದೆ. ಲ್ಯೂಕೊಫಿಲದ ಬಿಳಿ ಹೂಜಿಗಳನ್ನು ಹೂಗುಚ್ಛದ ಅಂಗಡಿಗಳಿಗೆಂದು ಕಾಡು ಜೌಗುಗಳಿಂದ ಕೊಯ್ದು ಸಾಗಿಸಿದರು. ಸ್ಯಾರಸೀನಿಯದ ಜೊತೆಗೇ ಬೆಳೆಯುವ ವೀನಸ್ ಫ್ಲೈಟ್ರ್ಯಾಪ್ ಗಿಡದ ಕಳ್ಳತನ ಎಷ್ಟು ಹೆಚ್ಚಿತೆಂದರೆ, ನಾರ್ತ್ ಕ್ಯಾರೊಲೈನಾ ರಾಜ್ಯ 2014ರ ಡಿಸೆಂಬರಿನಿಂದ ಅದನ್ನು ಜೈಲುಶಿಕ್ಷೆಯ ಘೋರ ಅಪರಾಧಗಳ ಸಾಲಿಗೆ ಸೇರಿಸಿತು. ಕಳ್ಳರಿಗಿಂತ ದೊಡ್ಡ ಪೆಟ್ಟು ಕೊಟ್ಟದ್ದು ನೆಲದ ಬದಲಾವಣೆ. ಉದ್ದ ಸೂಜಿಯೆಲೆಯ ಪೈನ್ ಕಾಡು ಒಂದು ಕಾಲಕ್ಕೆ ಸುಮಾರು 9 ಕೋಟಿ ಎಕರೆ ಇದ್ದದ್ದು ಇಪ್ಪತ್ತನೆಯ ಶತಮಾನದ ಕೊನೆಗೆ ನೂರಕ್ಕೆ ಐದು ಪಾಲಿಗಿಂತಲೂ ಕಡಿಮೆಯಾಗಿತ್ತು. ಜೌಗು ಬಸಿದರು, ಮರದ ತೋಪು ಹಾಕಿದರು, ಬೆಂಕಿಯನ್ನು ಕಂಡಲ್ಲಿ ಆರಿಸಿದರು. ಬೆಂಕಿ ನಿಂತ ಕಡೆ ಪೊದೆ ಬೆಳೆದು ನೆರಳು ಕವಿದು ಹೂಜಿಗಳು ಹೋದವು. ಈಗ ನಾರ್ತ್ ಕ್ಯಾರೊಲೈನಾದ ಗ್ರೀನ್ ಸ್ವಾಂಪ್‌ನಂಥ ರಕ್ಷಿತ ಜಾಗಗಳಲ್ಲಿ ತಿಳಿದವರು ತಾವೇ ಕಿಚ್ಚು ಹಚ್ಚಿ, ಕಾದು, ಆರಿಸುತ್ತಾರೆ. ಕುಂಡದ ಗಿಡ ಆ ಕಾಡಿಗೆ ಬದಲಿಯಲ್ಲ. ಬೀಜದಿಂದ ಬೆಳೆಸಿದಾಗ ಕನಿಷ್ಠ ಅದರಿಂದ ಕದ್ದಂತೆ ಆಗುವುದಿಲ್ಲ.

ಗಿಡವನ್ನು ತವರಿನಿಂದ ಸಾಗಿಸುವುದಕ್ಕೆ ಇನ್ನೊಂದು ಮಗ್ಗುಲೂ ಇದೆ. ಪರ್ಪ್ಯೂರಿಯವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಐರ್ಲೆಂಡಿನ ಜೌಗೊಂದರಲ್ಲಿ ತಂದು ನೆಟ್ಟರು. ಅದು ಅಲ್ಲಿ ಬೇರೂರಿ ಹಬ್ಬಿ, ಈಗ ಅಲ್ಲಿನ ಪಾಚಿ ಜೌಗುಗಳಿಗೆ ತೊಂದರೆಯಾಗಿದೆ. ಹೆಚ್ಚಾದ ಸಸಿಗಳನ್ನು ಮಲೆನಾಡಿನ ಯಾವುದೋ ಜವುಗಿನಲ್ಲಿ ನೆಟ್ಟುಬರುವ ಯೋಚನೆ ಯಾರಿಗೂ ಬರದಿರಲಿ. ನಮ್ಮ ಒದ್ದೆ ನೆಲಗಳಿಗೆ ಅವುಗಳದೇ ಬೇಟೆಗಾರರಿದ್ದಾರೆ. ಮಳೆಗಾಲದಲ್ಲಿ ಕರಾವಳಿಯ ಮುರಕಲ್ಲಿನ ಪಾರೆಗಳ ಮೇಲೆ, ಗದ್ದೆಗಳಲ್ಲಿ ನೀಲಿ ಹೂ ಬಿಡುವ ಯುಟ್ರಿಕ್ಯುಲೇರಿಯ ನೀರಿನೊಳಗಿನ ಸೂಕ್ಷ್ಮ ಜೀವಿಗಳನ್ನು ಚಿಕ್ಕ ಚೀಲಗಳಲ್ಲಿ ಹೀರಿಕೊಳ್ಳುತ್ತದೆ. ಆ ಕುಲದ ಚೀಲಗಳು ಬೇಟೆ ಹಿಡಿಯುವ ಬಗೆಯನ್ನು ನ್ಯೂಜೆರ್ಸಿಯ ತನ್ನ ಮನೆಯಲ್ಲೇ ಕುಳಿತು ನೋಡಿ ಡಾರ್ವಿನ್‌ಗೆ ಪತ್ರ ಬರೆದವಳು ಮೇರಿ ಟ್ರೀಟ್. ಪಶ್ಚಿಮ ಘಟ್ಟದ ಹುಲ್ಲುಗಾವಲುಗಳಲ್ಲಿ ಅಂಟು ಹನಿಯ ಡ್ರಾಸೆರ ಇದೆ. ಇವನ್ನು ಕೀಳದೆ, ಇರುವಲ್ಲೇ ನೋಡಬೇಕು.

ಬೀಜವನ್ನು ಎಲ್ಲಿಂದ ತರುವುದು ಎಂಬ ಬಗ್ಗೆಯೂ ಎರಡು ಮಾತು. ವಿದೇಶದಿಂದ ಬೀಜ ತರಿಸಲು ಸಸ್ಯ ಸಂಗರೋಧದ ನಿಯಮಗಳಿವೆ. ಆಮದು ಪರವಾನಗಿ, ಕಳಿಸುವ ದೇಶದ ಸಸ್ಯಾರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಅಂಚೆ ಲಕೋಟೆಯಲ್ಲಿ ಗುಟ್ಟಾಗಿ ಬರುವ ಪೊಟ್ಟಣಗಳು ನಿಯಮಕ್ಕೂ ವಿರುದ್ಧ, ನಂಬಿಕೆಗೂ ಅರ್ಹವಲ್ಲ. ನೀಲಿ ಹೂಜಿ, ಕಾಮನಬಿಲ್ಲಿನ ಹೂಜಿ ಎಂದು ಚಿತ್ರ ತೋರಿಸಿ ಮಾರುವ ಬೀಜ ಸ್ಯಾರಸೀನಿಯದ್ದಲ್ಲ. ನೀಲಿ ಸ್ಯಾರಸೀನಿಯ ಇಲ್ಲವೇ ಇಲ್ಲ. ದೇಶದೊಳಗೇ ಇದನ್ನು ಬೆಳೆಸಿ ಬೀಜ ಕಟ್ಟಿಸುವವರನ್ನು ಹುಡುಕಿ, ಯಾವ ತಾಯಿಗಿಡದ್ದು, ಯಾವ ತಿಂಗಳಲ್ಲಿ ಕೊಯ್ದದ್ದು ಎಂದು ಕೇಳಿ ತೆಗೆದುಕೊಳ್ಳಿ.

ಐದಾರು ವರ್ಷದ ನಂತರ ನಿಮ್ಮ ಗಿಡವೇ ಹೂ ಬಿಟ್ಟರೆ, ಕೋಣೆಯೊಳಗೆ ದುಂಬಿ ಇರುವುದಿಲ್ಲವಾದ್ದರಿಂದ ಪರಾಗ ಹೊರುವ ಕೆಲಸ ನಿಮ್ಮದು. ಸಣ್ಣ ಬಣ್ಣದ ಕುಂಚದಿಂದ ಕೊಡೆಯೊಳಗೆ ಉದುರಿದ ಪರಾಗವನ್ನು ಎತ್ತಿ, ಕೊಡೆಯ ಐದು ಮೂಲೆಗಳಲ್ಲಿರುವ ಪುಟ್ಟ ಮುಳ್ಳಿನಂಥ ಶಲಾಕಾಗ್ರಗಳಿಗೆ ಒರೆಸಿ. ಈ ಕುಲದ ಜಾತಿಗಳು ತಮ್ಮತಮ್ಮೊಳಗೆ ಸುಲಭವಾಗಿ ಬೆರೆತು ಮಿಶ್ರತಳಿ ಹುಟ್ಟಿಸುತ್ತವೆ. ಪಕ್ಕದ ಕುಂಡದಲ್ಲಿ ಬೇರೆ ಜಾತಿ ಹೂ ಬಿಟ್ಟಿದ್ದರೆ ಅದೇ ಕುಂಚವನ್ನು ಬಳಸಬೇಡಿ. ಕಾಯಿ ಕಂದು ಬಣ್ಣಕ್ಕೆ ತಿರುಗಿ ಬಿರಿಯತೊಡಗಿದಾಗ ಕೊಯ್ದು ಒಣಗಿಸಿ, ಕಾಗದದ ಲಕೋಟೆಯಲ್ಲಿ ಹಾಕಿ ಫ್ರಿಜ್ಜಿನಲ್ಲಿ ಇಟ್ಟರೆ ಬೀಜ ಹಲವು ವರ್ಷ ಕೆಡುವುದಿಲ್ಲ. ಒಂದು ಕಾಯಿಯ ಬೀಜ ಒಂದು ಮನೆಗೆ ಎಷ್ಟೋ ಹೆಚ್ಚು. ಹಂಚುವಾಗ ಲಕೋಟೆಯ ಮೇಲೆ ಜಾತಿಯ ಹೆಸರು, ಮಿಶ್ರತಳಿಯಾದರೆ ತಾಯಿ ತಂದೆ ಇಬ್ಬರ ಹೆಸರೂ, ಕೊಯ್ದ ತಿಂಗಳೂ ಬರೆದು ಕೊಡಿ. ಪಡೆದವರಿಗೆ ಎಷ್ಟು ವಾರ ಫ್ರಿಜ್ಜಿನಲ್ಲಿಡಬೇಕು ಎಂಬುದು ಅದರಿಂದಲೇ ಗೊತ್ತಾಗಬೇಕು.